ಚೌಕಿಗೆ ಹೋಗದವಳು

ರೂವಿಯ ಸಿನಿಮಾ ಮಂದಿರ, ಗುರುವಾರ ರಾತ್ರಿ,
ಒಟ್ಟು ಹದಿನೇಳು ಜನ.
ಇಗರ್ಜಿಯ ಗಾಯನ ಮಂಡಳಿಗೆಂದು ಜೆಸಿಂತಾಳಿಗೆ ಪುಕ್ಕಟೆ ಸಿಕ್ಕ ಟಿಕೆಟ್ಟು.
ಯಾವುದೋ ದೇಶದ ರಂಗದ ಮೇಲೆ ಆಡಿದ್ದನ್ನು
ಎಂಟು ಕ್ಯಾಮೆರಾ ಇಟ್ಟು ಹಿಡಿದು ತಂದ ಒಪೆರಾ.
ಅಡಿಯಲ್ಲಿ ಅರಬ್ಬಿ ಅಕ್ಷರ. ನನಗೆ ಓದಲು ಬರುತ್ತದೆ,
ಮರಣಪತ್ರಗಳನ್ನು ಓದಿ ಓದಿ ಕಲಿತದ್ದು.

ಕತೆ ಇಷ್ಟೇ: ಉಪ್ಪಿನ ವ್ಯಾಪಾರಿಯ ಮಗಳು
ಹಡಗಿನವನಿಗೆ ಕಾದಳು. ಹಡಗು ಬಂತು, ಅವನು ಬರಲಿಲ್ಲ.
ವಿಷ ಕುಡಿದಳು.
ಕುಡಿದ ಮೇಲೆ ಹನ್ನೊಂದು ನಿಮಿಷ ಹಾಡಿದಳು.
ನಾನು ನಗಲಿಲ್ಲ. ಹನ್ನೊಂದು ನಿಮಿಷ ಸಿಕ್ಕಿದ್ದರೆ
ನಮ್ಮವರೂ ಏನಾದರೂ ಹೇಳುತ್ತಿದ್ದರೋ ಏನೋ:
ಸೊಹಾರಿನಲ್ಲಿ ಅಟ್ಟಣಿಗೆಯಿಂದ ಜಾರಿದವನು,
ಊಟದ ತಟ್ಟೆಯ ಮುಂದೆಯೇ ಒರಗಿದ ಬಾರ್ಕೂರಿನ ಡ್ರೈವರು.

ಆಮೇಲೆ ಬಂತು ಆ ಕೊನೆ.
ಬರೆದವನ ಪುಸ್ತಕದಲ್ಲಿ ಹಡಗಿನವನು ತಡವಾಗಿ ಬಂದು
ಹೆಣದ ಮೇಲೆ ಬಿದ್ದು ಅಳುತ್ತಾನಂತೆ.
ಇಲ್ಲಿ ಬರುವುದಿಲ್ಲ. ಅವನ ಅಳು ಗೋಡೆಯಾಚೆ ಎಲ್ಲೋ.
ಕೆಲಸದ ಹುಡುಗಿ ಬರುತ್ತಾಳೆ,
ಇಡೀ ಆಟದಲ್ಲಿ ಒಂದು ಮಾತೂ ಇಲ್ಲದವಳು,
ಸತ್ತವಳ ಕಾಲಿನಿಂದ ಶೂ ಕಳಚಿ
ತಾನು ತೊಡುತ್ತಾಳೆ. ಅಳತೆ ದೊಡ್ಡದು.
ಟಪ್ಪು ಟಪ್ಪೆಂದು ನಡೆದು ಹೊರಗೆ ಹೋಗುತ್ತಾಳೆ.

"ಕಳ್ಳಿ," ಎಂದಳು ಜೆಸಿಂತಾ, ಪಾರ್ಕಿಂಗಿನಲ್ಲಿ,
"ಅಂಥ ಸಂಗೀತವನ್ನು ಹಾಳು ಮಾಡಿಬಿಟ್ಟರು."
ನಾನು ಕಂಪನಿಯಲ್ಲಿ ಸಾಮಾನಿನ ಪಟ್ಟಿ ಬರೆಯುವವನು:
ವಾಚು ಒಂದು, ಫೋನು ಒಂದು, ಚಾರ್ಜರು, ಚಪ್ಪಲಿ ಒಂದು ಜೊತೆ.
ಪೆಟ್ಟಿಗೆಯ ಜೊತೆ ಚಪ್ಪಲಿಯನ್ನು ಯಾರೂ ಕಳಿಸುವುದಿಲ್ಲ.
ಕ್ಯಾಂಪಿನ ಬಾಗಿಲಲ್ಲಿ ಒಂದು ವಾರ ಇರುತ್ತದೆ,
ಆಮೇಲೆ ಯಾರದೋ ಕಾಲಲ್ಲಿ ಕೆಲಸಕ್ಕೆ ಹೋಗುತ್ತದೆ.
ಕಳವು ಎಂದು ನಾನು ಯಾವತ್ತೂ ಬರೆದಿಲ್ಲ.

ಇದನ್ನು ಅವಳಿಗೆ ಹೇಳಲಿಲ್ಲ. ಕೇಳಿದ್ದು ಬೇರೆ:
ಕ್ಯಾಮೆರಾ ಹತ್ತಿರ ಹೋಯಿತಲ್ಲ, ತೀರಾ ಹತ್ತಿರ,
ಸತ್ತವಳ ಕೊರಳಲ್ಲಿ ಒಂದು ನರ
ಹಲ್ಲಿಯ ಗಂಟಲಿನ ಹಾಗೆ ಮಿಡಿಯುತ್ತಿತ್ತು, ನೋಡಿದೆಯಾ?
"ಅಷ್ಟು ಹಾಡಿದ್ದಾಳೆ ಮಾರಾಯ, ದಮ್ಮು ಬೇಡವಾ?"

ನಮ್ಮ ಆಟದಲ್ಲಿ ಸತ್ತ ವೇಷ
ಎದ್ದು, ಕಿರೀಟ ಸರಿಮಾಡಿಕೊಂಡು,
ಎಲ್ಲರೆದುರೇ ಚೌಕಿಗೆ ಹೋಗುತ್ತದೆ,
ಬಣ್ಣ ತೆಗೆದು ಚಾ ಕುಡಿಯುತ್ತದೆ.
ಇವರು ಅವಳು ಏಳುವ ಮೊದಲೇ ಕತ್ತರಿಸಿದರು.
ಚಪ್ಪಾಳೆ ಇಲ್ಲ, ನಮಸ್ಕಾರ ಇಲ್ಲ. ಕಪ್ಪು.
ಇನ್ನು ಎಷ್ಟು ಊರಿನಲ್ಲಿ ಹಾಕಿದರೂ ಅವಳು ಅಲ್ಲೇ,
ಬರಿಗಾಲಲ್ಲಿ, ಮಿಡಿಯುತ್ತ.

ದಾರ್ಸೆಟ್ಟಿನ ಸಿಗ್ನಲಿನಲ್ಲಿ ಜೆಸಿಂತಾ
ಕೊನೆಯ ಹಾಡನ್ನು ಗುನುಗಿ, ಏರು ಬಂದಲ್ಲಿ ಬಿಟ್ಟಳು.
ಭಾನುವಾರ ಎಂಟಕ್ಕೆ ಶವಾಗಾರದಲ್ಲಿ ಒಂದು ಸಹಿ ಇದೆ.
ಗುರುತಿಗೆ ಮುಖ ಸಾಕು, ಅಷ್ಟೇ ಕೇಳುತ್ತಾರೆ.
ನಾನು ಕೊರಳಿನವರೆಗೂ ಬಟ್ಟೆ ಸರಿಸುತ್ತೇನೆ, ಗೊತ್ತು.