ಗೋಡೆಯ ಮೇಲಿನ ನೀಲಿ ಗೆರೆ

ಚಿಲ್ವಾ ಸರೋವರದ ದಂಡೆಯ ನಮ್ಮ ಸಣ್ಣ ಆಸ್ಪತ್ರೆಯಲ್ಲಿ
ಬಾಗಿಲ ಪಕ್ಕ ಗೋಡೆಗೊಂದು ನೀಲಿ ಗೆರೆ.
ನನಗಿಂತ ಮುಂಚೆ ಇದ್ದ ನರ್ಸು
ದೋಣಿಗೆ ಬಳಿದು ಮಿಕ್ಕ ಬಣ್ಣದಲ್ಲಿ ಎಳೆದದ್ದು:
ನೆಲದಿಂದ ನೂರೈವತ್ತು ಸೆಂಟಿಮೀಟರು.
ಚೊಚ್ಚಲ ಬಸುರಿ ಚಪ್ಪಲಿ ಬಿಟ್ಟು
ಬೆನ್ನು ತಾಗಿಸಿ ನಿಲ್ಲಬೇಕು.
ನೆತ್ತಿ ಗೆರೆ ಮುಟ್ಟದಿದ್ದರೆ
ಕಾರ್ಡಿನ ಮೂಲೆಗೆ ಕೆಂಪು ಚುಕ್ಕಿ.

ಸುಮಿನಿ ಮುಟ್ಟಲಿಲ್ಲ.
ಹಿಮ್ಮಡಿ ಎತ್ತಿದಳು, ನಾನು ನೋಡಲಿಲ್ಲವೆಂದುಕೊಂಡು.
ಪಾದ ಅಳೆದೆ: ನನ್ನ ಗೇಣಿಗಿಂತ ಒಂದು ಬೆರಳು ಹೆಚ್ಚು, ಅಷ್ಟೆ.
ಒಳಗೆ ಬೆರಳಿಗೆ ಬೆನ್ನಡಿಯ ಮೂಳೆಯಂಚು ಸಿಕ್ಕಿತು.
ಅಷ್ಟು ಸುಲಭಕ್ಕೆ ಸಿಗಬಾರದಿತ್ತು.
ವಯಸ್ಸು? ಹತ್ತೊಂಬತ್ತು, ಅಂದಳು ಅಜ್ಜಿ.
ಸುಮಿನಿ ನೆಲ ನೋಡಿದಳು.

ಸೊಂಬಾದ ದೊಡ್ಡಾಸ್ಪತ್ರೆಯ ಅಂಗಳದಲ್ಲಿ ಕಾಯುವ ಮನೆಯಿದೆ,
ದಿನ ತುಂಬುವ ಮೊದಲೇ ಹೋಗಿರಿ, ಎಂದೆ.
ಅಜ್ಜಿ ಬೆರಳು ಮಡಿಸಿದಳು:
ಮೂರು ವಾರದ ಜೋಳದ ಹಿಟ್ಟು, ಸೌದೆ, ಉಪ್ಪು,
ಮಿನಿಬಸ್ಸಿನ ದುಡ್ಡು.
ಒಂದು ಕೋಳಿ ಮಾರಿದರೆ ಸಾಲದು.
"ನೀನು ಹೇಳಿದ್ದು ಆಗಿಯೇ ಆಗುತ್ತದೋ?"

ಹೌದೆನ್ನಲಾರೆ, ಇಲ್ಲವೆನ್ನಲಾರೆ.
ಗೆರೆಗೆ ಗೊತ್ತಿರುವುದು ಎತ್ತರ ಮಾತ್ರ.
ಮಗುವಿನ ನೆತ್ತಿಯೆಲುಬು ಒಂದರ ಮೇಲೊಂದು ಎಷ್ಟು ಸರಿದಾವು,
ತಾಯಿಯ ಕೀಲು ಆ ರಾತ್ರಿ ಎಷ್ಟು ಬಿಟ್ಟುಕೊಟ್ಟೀತು,
ಗದ್ದ ಎದೆಗೊತ್ತಿ ಬರುವುದೋ ಮುಖವೆತ್ತಿ ಬರುವುದೋ
ಅಳೆಯುವ ಟೇಪು ಯಾವ ಕಪಾಟಿನಲ್ಲೂ ಇಲ್ಲ.
ಬೇನೆ ಬಂದ ಮೇಲೆ ಬೇನೆಯೇ ಅಳೆಯುತ್ತದೆ.

ಎಸ್ನಾತಿ ಇದ್ದಳಲ್ಲ,
ಗೆರೆಯ ಮೇಲೆ ನಾಲ್ಕು ಬೆರಳು ಎತ್ತರ,
ಮೀನಿನ ಬುಟ್ಟಿ ಒಂದೇ ಕೈಯಲ್ಲಿ ತಲೆಗೇರಿಸುವವಳು.
ಎರಡು ಹೆತ್ತವಳೆಂದು ನಾನು ಚುಕ್ಕಿ ಇಡಲಿಲ್ಲ.
ಮೂರನೆಯದು ದೊಡ್ಡದು, ಹಣೆ ಮುಂದಾಗಿ ಸಿಕ್ಕಿಕೊಂಡಿತು.
ಎರಡು ರಾತ್ರಿ ಬೇನೆ ತಿಂದಳು.
ಸೈಕಲ್ ಆಂಬುಲೆನ್ಸಿನ ಚಕ್ರ ಮರಳಲ್ಲಿ ಹೂತಿತು;
ಅವಳ ಗಂಡ ಮತ್ತೆ ನಾನು
ಎತ್ತಿದೆವು, ದೂಡಿದೆವು, ಎತ್ತಿದೆವು.
ಸೊಂಬಾ ಮುಟ್ಟಿದಾಗ ಎರಡು ಜೀವದಲ್ಲಿ ಒಂದಿತ್ತು.
ಈಗಲೂ ಮೀನು ಮಾರುತ್ತಾಳೆ. ನನ್ನ ಬಾಗಿಲ ಮುಂದೆ ಕೂಗುವುದಿಲ್ಲ.

ಸುಮಿನಿ?
ಇಪ್ಪತ್ತೆರಡು ದಿನ ಕಾದಳು.
ಡಾಕ್ಟರು ಕೈ ತೊಳೆದು ಬರುವಷ್ಟರಲ್ಲಿ
ಸಲೀಸಾಗಿ ಹೆತ್ತುಬಿಟ್ಟಳು, ಗಂಡು, ಎರಡೂವರೆ ಕಿಲೋ.
ಅಜ್ಜಿ ಬಂದು ಗೆರೆಯ ಮುಂದೆಯೇ ನಿಂತು ಬೈದಳು:
ನನ್ನ ಎರಡು ಕೋಳಿ! ಎರಡೂ ಮೊಟ್ಟೆಯಿಡುವವು!
ಹೊಟ್ಟೆ ತುಂಬ ಬೈಸಿಕೊಂಡೆ.
ಅಂಥ ಬೈಗುಳ ದಿನವೂ ಸಿಗಲಿ.

ಅವಳು ಹೋದ ಮೇಲೆ ಸುಣ್ಣ ಕಲಸಿದೆ.
ಬ್ರಷ್ಷು ಅದ್ದಿ ಗೋಡೆಯ ಮುಂದೆ ನಿಂತೆ.
ಹೊರಗೆ ಬೆಂಚಿನ ಮೇಲೆ ಒಂಬತ್ತು ಜನ;
ತುದಿಯಲ್ಲಿದ್ದವಳು, ಪುಟ್ಟಗಿನವಳು,
ಆಗಲೇ ಚಪ್ಪಲಿ ಬಿಟ್ಟಿದ್ದಳು.