ಬಾಕಿ

ಲಾರಿ ಚಕ್ರದ ರಿಮ್ಮು ಇವತ್ತೂ
ಮಾವಿನ ಕೊಂಬೆಯಲ್ಲೇ ತೂಗುತ್ತಿದೆ, ಯೋತಾಮ್.
ಭಾನುವಾರ ಹೊಡೆಯುವವನು ಈಗ ಚಿಸೋಮೋನ ಮಗ.
ಅವನಿಗೆ ಅವಸರ. ಏಳು ಏಟನ್ನೂ
ಊರಿಗೆ ಬೆಂಕಿ ಬಿದ್ದ ಹಾಗೆ ಬಡಿದು ಮುಗಿಸುತ್ತಾನೆ.
ನೀನು ಒಂದು ಏಟು ಹೊಡೆದರೆ
ಅದು ಜೋಂಬಾ ಗುಡ್ಡದ ಮಗ್ಗುಲು ಹತ್ತಿ, ಆಚೆ ಇಳಿದು,
ಮುದುಕಿ ನಾಫಿರಿಯ ಬಾಗಿಲು ತಟ್ಟಿ
ಸುಸ್ತಾಗಿ ಕೂರುವ ತನಕ ಕಾಯುತ್ತಿದ್ದೆ;
ಆಮೇಲೆ ಎರಡನೆಯದು.

ವಾರದ ಆರು ದಿನ ಅದೇ ಮರದ ಬುಡ ನಿನ್ನ ಅಂಗಡಿ.
ಒಂದು ಪಂಪು, ಎರಡು ಸ್ಪ್ಯಾನರ್, ಹರಕು ಟ್ಯೂಬುಗಳ ಗುಡ್ಡೆ,
ಅಂಚು ಮುಕ್ಕಾದ ಬೋಗುಣಿಯಲ್ಲಿ ನೀರು.
ಟ್ಯೂಬು ಮುಳುಗಿಸಿ, ಉಸಿರು ಬಿಗಿಹಿಡಿದು,
ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದೆಯಲ್ಲ,
ಅದೇ ಮುಖವನ್ನು ನಾನು ಚರ್ಚಿನ ಬೆಂಚಿನಲ್ಲೂ ಕಂಡದ್ದು.
"ಪ್ರಾರ್ಥನೆಯೆಂದರೆ ಇಷ್ಟೇ ಎಸ್ನಾತ್" ಎಂದಿದ್ದೆ ಒಮ್ಮೆ,
"ತೂತು ಎಲ್ಲಿದೆಯೆಂದು ಸುಮ್ಮನಿದ್ದು ನೋಡುವುದು.
ತೇಪೆ ಹಾಕುವವನು ಬೇರೆ."

ಸಂತನೇನಲ್ಲ ನೀನು.
ನ್ಸಿಮಾ ತಣ್ಣಗಾದರೆ ಮುಖ ಊದಿಸುತ್ತಿದ್ದೆ.
ಪಾದ್ರಿಯ ಉಪದೇಶ ಉದ್ದವಾದರೆ
ಗೊರಕೆಯಲ್ಲೇ ಆಮೆನ್.
ಹಾಡಿದರೆ ರಾಗ ಒಂದು ದಾರಿ, ನೀನೊಂದು ದಾರಿ;
ಹಾಡಿಸುವವಳು ನಿನ್ನನ್ನು ಕಿಟಕಿಯ ಪಕ್ಕ ಕೂರಿಸಿದಳು,
ಅರ್ಧವಾದರೂ ಹೊರಗೆ ಹೋಗಲಿ ಎಂದು.
ನೀನೋ ಹೊರಗಿನ ಆಡುಗಳಿಗೂ ಸೇರಿಸಿ ಹಾಡಿದೆ.
ತಪ್ಪಾಯಿತು ಎಂಬ ಮಾತು ನಲವತ್ತೊಂದು ವರ್ಷದಲ್ಲಿ
ಒಮ್ಮೆಯೂ ನಿನ್ನ ನಾಲಿಗೆಗೆ ಬರಲಿಲ್ಲ.
ಜಗಳದ ಮರುದಿನ ನನ್ನ ಹೊಲಿಗೆ ಯಂತ್ರ
ಸದ್ದಿಲ್ಲದೆ ಓಡಿದರೆ ನನಗೆ ತಿಳಿಯುತ್ತಿತ್ತು:
ರಾತ್ರಿ ಯಾರೋ ಎಣ್ಣೆ ಬಿಟ್ಟಿದ್ದಾರೆ.

ಕೊನೆಯ ತಿಂಗಳು, ಆಸ್ಪತ್ರೆಯಲ್ಲಿ,
ಪಕ್ಕದ ಹುಡುಗನ ಗಾಲಿಕುರ್ಚಿ ಕಿರುಗುಟ್ಟಿದ್ದಕ್ಕೆ
ನೀನು ಸಿಡುಕಿ, ಮಲಗಿದಲ್ಲಿಂದಲೇ ಸ್ಪ್ಯಾನರ್ ಕೇಳಿದೆ.
ನರ್ಸು ನಕ್ಕಳು. ನಾನು ಮನೆಗೆ ಹೋಗಿ ತಂದೆ.
ಅವತ್ತು ರಾತ್ರಿ ನಾನೇ ಕೇಳಿದ್ದು, ಭಯವಾಗುತ್ತದೆಯೇ ಎಂದು.
"ಆಗುತ್ತದೆ" ಎಂದು ನೀನು.
ತುಂಬ ಹೊತ್ತಿನ ಮೇಲೆ, ಗೋಡೆಯ ಕಡೆ ತಿರುಗಿ,
"ಸೈಕಲ್ಲಿನ ಡೈನಮೋ ನೋಡಿದ್ದೀಯಲ್ಲ.
ನಿಂತುಕೊಂಡು ಬೆಳಕು ಬೇಡಿದರೆ ಕೊಡುವುದಿಲ್ಲ.
ಕತ್ತಲೊಳಕ್ಕೆ ತುಳಿಯಬೇಕು."

ಮಣ್ಣು ಮಾಡಿ ಬಂದ ಮೇಲೆ ಸಿಕ್ಕಿತು ಆ ಪುಸ್ತಕ.
ನಾಲ್ಕು ನೋಟುಬುಕ್ಕು ಸೇರಿಸಿ ಹೊಲಿದು
ಟೈರಿನ ತುಂಡಿನ ರಟ್ಟು ಹಾಕಿದ್ದು. ಸಾಲದ ಲೆಕ್ಕ.
ಮ್ವಾಲೆ, ಬ್ರೇಕು, ಅರವತ್ತು ಕ್ವಾಚಾ.
ಮೀನಿನ ಹುಡುಗ, ಎರಡು ತೇಪೆ.
ಹೆಸರು ಗೊತ್ತಿಲ್ಲ, ಅಳುತ್ತಿದ್ದ, ಇಡೀ ಚಕ್ರ.
ಪ್ರತಿ ಈಸ್ಟರಿನ ಹಿಂದಿನ ಸಂಜೆ
ಎಲ್ಲದರ ಮೇಲೂ ಒಂದೇ ಗೆರೆ.
ನಮ್ಮ ಭಾಷೆಯ ಪ್ರಾರ್ಥನೆಯಲ್ಲಿ ಪಾಪ ಎನ್ನುವುದಿಲ್ಲ,
ಸಾಲ ಎನ್ನುತ್ತೇವೆ. ನಾವು ಬಿಟ್ಟ ಹಾಗೆ ನೀನೂ ಬಿಡು.
ಊರೆಲ್ಲ ಬಾಯಲ್ಲಿ ಹೇಳಿದ್ದನ್ನು
ನೀನು ಪೆನ್ಸಿಲಿನಲ್ಲಿ ಹೇಳಿದ್ದೆ.
ಉಪ್ಪಿಗೂ ಕಾಸಿಲ್ಲವೆಂದು ನಾನು ಬೈದ ವರ್ಷಗಳೆಲ್ಲ
ಆ ಗೆರೆಗಳ ಕೆಳಗೇ ಇದ್ದವು.

ಒಂದನ್ನು ಮಾತ್ರ ಹೊಡೆದುಹಾಕಿಲ್ಲ.
ಮೊದಲ ಪುಟ, ಮದುವೆಯಾದ ವರ್ಷ:
ಎಸ್ನಾತ್, ನೀಲಿ ಚಿತೆಂಜೆಯ ಹಣ.
ನೆನಪಿದೆ. ಸೊಂಟಕ್ಕೆ ಸುತ್ತಲು ಹೊಸ ಬಟ್ಟೆಗೆಂದು
ಹಿಟ್ಟಿನ ಡಬ್ಬಿಯಲ್ಲಿ ನಾನು ಕೂಡಿಟ್ಟದ್ದನ್ನು
ಹೇಳದೆ ಕೇಳದೆ ತೆಗೆದು
ನೀನು ಹೊತ್ತು ತಂದದ್ದು ಈ ರಿಮ್ಮು.
ಮೂರು ದಿನ ನಾನು ಮಾತು ಬಿಟ್ಟೆ.
ನಾಲ್ಕನೆಯ ದಿನ ಭಾನುವಾರ.
ಅದು ಮೊದಲ ಸಲ ಮೊಳಗಿದಾಗ ಹಿಟ್ಟು ಜರಡಿಯುತ್ತಿದ್ದ ಕೈ
ತಾನಾಗಿ ನಿಂತಿತು; ನಿನಗೆ ಇದನ್ನು ಹೇಳಿರಲಿಲ್ಲ.

ಗಂಡ ಹೋದರೆ ಋಣ ಹರಿಯಿತು ಅನ್ನುತ್ತಾರೆ.
ಪೆನ್ಸಿಲು ಕೈಯಲ್ಲಿದೆ. ಗೆರೆ ಎಳೆಯುವುದಿಲ್ಲ.
ಇರಲಿ ಬಿಡು, ಅದೊಂದು.
ನಿನ್ನ ಒಡೆಯನ ಅಂಗಳಕ್ಕೆ ಬಂದು ನಿಂತಾಗ
ಮಾತು ಶುರುಮಾಡಲು ನನಗೂ ಏನಾದರೂ ಬೇಕಲ್ಲ.
ಅಲ್ಲಿಯ ತನಕ ಈ ಹುಡುಗನಿಗೆ
ಏಟಿಗೂ ಏಟಿಗೂ ನಡುವೆ
ಕಾಯುವುದನ್ನು ಕಲಿಸುತ್ತಿರುತ್ತೇನೆ.