ಇಪ್ಪತ್ತು ಡಿಗ್ರಿ

ಚಾಕಣದಾಗ, ನಮ್ಮ ನಾಕನೇ ಶೆಡ್ಡಿನ ಹಿಂದ
ಒಂದು ಗಾಜಿನ ಖೋಲಿ ಐತಿ.
ಅಲ್ಲಿ ಬ್ಯಾಸಗಿ ಇಲ್ಲ, ಥಂಡಿ ಇಲ್ಲ,
ವರ್ಷದ ಅಷ್ಟೂ ದಿನ ಇಪ್ಪತ್ತೇ ಡಿಗ್ರಿ.
ಕಬ್ಬಿಣಕ್ಕ ಸುಳ್ಳು ಹೇಳಾಕ ಬರದ ಜಾಗ ಅದು.

ನಾನು ಟ್ರೇನಿ ಇಂಜಿನಿಯರ್. ಹನ್ನೊಂದನೇ ತಿಂಗಳು.
ಹೆಣ್ಣುಮಕ್ಕಳ ಅಳತಿ ಸ್ಟೋರಿನಾಗ ಇಲ್ಲಂತ
ಗಂಡಸರ ಬೂಟು ಕೊಟ್ಟಾರ,
ತುದಿಗೆ ಅರಿವಿ ತುರುಕೇನಿ.
ಬಿಲ್ಲೆ ಮ್ಯಾಲ 'ನೀಲಾಂಬಿಕಾ ಹ.' ಅಂತೈತಿ,
ಶೆಡ್ಡಿನ ತುಂಬ ಮಾತ್ರ ನಾ 'ಮ್ಯಾಡಮ್'.
ನಮ್ಮಪ್ಪನ ವಾರಿಗಿಯ ದಗಡೂ ಗಾಯಕೆ ಸೈತ ಹಂಗ ಕರೀತಾನ.
ಕರದು, ವೇಸ್ಟ್ ಅರಿವಿಗೆ ಕೈ ಒರಸಿ,
ನಾ ಹೇಳೂದು ಮುಗಿಯೂತನಕ ನಿಂತಿರತಾನ.

ದಗಡ ಅಂದರ ಮರಾಠಿಯೊಳಗ ಕಲ್ಲು.
ಗ್ರೈಂಡಿಂಗ್ ಮಷೀನಿನ ಕಲ್ಲು ಅವಗ ದನಿಯಿಂದ ತಿಳಿತೈತಿ.
"ಐಕಾ ಮ್ಯಾಡಮ್," ಅಂತಾನ,
"ಮಬ್ಬಾಗೇತಿ, ವಜ್ರ ತೋರಸೂ ಹೊತ್ತಾತು."
ನನಗ ಗುಂಯ್ ಅಷ್ಟ.

ಹಂಗ ನೋಡಿದರ ನಾನೂ ಸಪ್ಪಳದಾಗ ಹುಟ್ಟಿದಾಕಿ.
ಬನಹಟ್ಟಿಯೊಳಗ ಎಳಿ ಹರಿದರ
ನಮ್ಮವ್ವ ರೊಟ್ಟಿ ಬಡಿಯೂ ಕೈ ನಿಲ್ಲಿಸಿ
'ಮೂರನೇ ಮಗ್ಗ' ಅಂತಿದ್ಲು.
ಆ ಕಿವಿ ನಾ ಎಲ್ಲಿಟ್ಟೆನೋ,
ಯಾವ ಸೆಮಿಸ್ಟರಿನಾಗ.

ಮಂಗಳಾರ ರಾತ್ರಿ ಪಾಳಿ.
ಮುನ್ನೂರ ನಲವತ್ತು ಶಾಫ್ಟು ಬೆಳಗಿನ ಗಾಡಿಗೆ ಹೋಗಬೇಕು.
ಕಲ್ಲಿನಿಂದ ಇಳಿದದ್ದು ಬೆಚ್ಚಗಿರತೈತಿ,
ಆಗಷ್ಟ ಹುಟ್ಟಿದ ಕರುವಿನ ಕಿವಿ ಹಂಗ.
ಹತ್ತು ನಿಮಿಷ ಆರಲಿ, ಆಮ್ಯಾಲ ಅಳಿಯೂಣು, ಅಂದ.
ಹೊತ್ತೆಲ್ಲೈತಿ, ಈಗ ಹಚ್ಚಿ ನೋಡ್ರಿ, ಅಂದೆ.
ಮುಳ್ಳು ಹಸಿರಿನಾಗ ನಿಂತಿತು.
ಸಹಿ ಮಾಡಿದೆ. ಅವತ್ತು ಸಹಿ ಭಾಳ ಚೆಂದ ಬಂದಿತ್ತು.

ಮುಂಜಾನೆ ಗಾಜಿನ ಖೋಲಿಯೊಳಗ ತಣ್ಣಗಾದವು.
ತಣ್ಣಗಾಗಿ ಒಂಬತ್ತು ಮೈಕ್ರಾನ್ ಸಣ್ಣಾದವು,
ಒಂದು ಕೂದಲ ಎಂಟು ಸೀಳು ಮಾಡಿದರ ಅದರಾಗ ಒಂದು ಸೀಳು.
ದಪ್ಪ ಉಳಿದಿದ್ದರ ಮತ್ತ ತಿಕ್ಕಬಹುದಿತ್ತು.
ಸಣ್ಣಾದದ್ದಕ್ಕ ಔಷಧ ಇಲ್ಲ.
ಕೆಂಪು ಬಣ್ಣ ಬಳದು ಕೆಂಪು ಪೆಟಿಗಿಗೆ ಹಾಕಿದರು,
ಎಣಿಸಿಕೋತ, ನನ್ನ ಕಡೆ ಯಾರೂ ನೋಡದನ.

ಈಗ ನನ್ನ ಮುಂದ ಒಂದು ಫಾರ್ಮು.
ಐದು ಸಲ ಯಾಕ ಅಂತ ಕೇಳತೈತಿ, ಹಟದ ಕೂಸಿನ ಹಂಗ.
ಯಾಕ ರಿಜೆಕ್ಟ್? ವ್ಯಾಸ ಕಮ್ಮಿ.
ಯಾಕ ಕಮ್ಮಿ? ಬಿಸಿ ಇದ್ದಾಗ ಅಳದದ್ದಕ್ಕ.
ಬಿಸಿ ಇದ್ದಾಗ ಯಾಕ ಅಳದರು?

ಪರಾಂಜಪೆ ಸಾಹೇಬರು ಅರ್ಧ ಕಪ್ ಚಹಾ ನನ್ನ ಕಡೆ ಸರಿಸಿದರು.
"'ಆಪರೇಟರ್ ಅಲಕ್ಷ್ಯ' ಅಂತ ಬರಿ, ಪೋರಿ.
ಬರೂ ತಿಂಗಳು ನಿನ್ನ ಕನ್ಫರ್ಮೇಶನ್ ಐತಿ."
ಖರೇನ ಕಾಳಜಿಲೆ ಅಂದರು.
ಅದ ತ್ರಾಸು.

ದಗಡೂ ಮಾಮಾಂದು ಹನ್ನೊಂದು ತಿಂಗಳ ಕರಾರು,
ಹದಿನಾಕು ವರ್ಷದಿಂದ.

ಪೆಟಿಗಿಯಿಂದ ಒಂದು ಶಾಫ್ಟು ತಗೊಂಡೆ.
ಅಂಗೈಯೊಳಗ ಹಿಡದು ಕುಂತೆ.
ಮೈಶಾಖಕ್ಕ ಅದು ಮೆಲ್ಲಕ ಉಬ್ಬತೈತಿ, ನನಗ ಗೊತ್ತು,
ಲೆಕ್ಕ ಬರತೈತಿ:
ಇನ್ನೊಂಚೂರು ಹಿಡಕೊಂಡರ ಸರಿ ಅಳತಿಗೆ ಹತ್ತಿರ ಬಂದ್ಬಿಡತೈತಿ.
ಯಾರರ ಅಳದರ ಹಸಿರು ತೋರಸೀತು.

ಎಡಗೈಯೊಳಗ ಅದನ್ನ ಹಿಡದ
ಮೂರನೇ ಯಾಕದ ಮುಂದ ನನ್ನ ಹೆಸರು ಬರದೆ,
ಪೂರಾ ಹೆಸರು, ಹ. ಅನ್ನೂದನ್ನೂ ಬಿಡಿಸಿ.
ನಾಕನೇದಕ್ಕ, ಬೆಳಗಿನ ಗಾಡಿ.
ಐದನೇದು ಖಾಲಿ ಬಿಟ್ಟೇನಿ.
ಗಾಡಿಗೆ ಅಷ್ಟ್ಯಾಕ ಅವಸರ ಅನ್ನೂದು
ನನ್ನ ಪಗಾರಿಗೆ ಗೊತ್ತಿಲ್ಲ.

ಸಾಹೇಬರು ಓದಿದರು. ಚಹಾ ಕಪ್ ತಾವ ಎತ್ತಿಕೊಂಡು ಹೋದರು.
ಶಾಫ್ಟು ಫಾರ್ಮಿನ ಮ್ಯಾಲ ಇಟ್ಟೆ,
ಫ್ಯಾನಿನ ಗಾಳಿಗೆ ಹಾರಬಾರದಂತ.
ಅದು ತನ್ನಷ್ಟಕ್ಕ ತಣ್ಣಗಾಗಾಕ ಹತ್ತಿತು.